ಗುರುತಿಲ್ಲದ ಮೀಸೆಯವನಿಗೆ ಚೆಂಡುಹೂವಿನ ಹಾರ

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಕನ್ನಡ ಕೂಟ ರಾಜ್ಯೋತ್ಸವಕ್ಕೆ ಬಾಡಿಗೆ ಹಿಡಿಯುವ ಹಾಲ್‌ನಲ್ಲಿ, ವೇದಿಕೆಯ ಪಕ್ಕ ಬಿಳಿ ಕಲ್ಲಿನ ಮನುಷ್ಯನೊಬ್ಬ ಇದ್ದಾನೆ. ಎದೆಯವರೆಗೆ ಮಾತ್ರ. ಮೂಗು ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಆಸ್ಟ್ರೇಲಿಯಾದ ಖಾಲಿ ನೆಲದಲ್ಲಿ ಊರು ಕಟ್ಟಿದ ಮಹಾನುಭಾವ ಎಂದು ಕೆಳಗಿನ ಹಿತ್ತಾಳೆ ಫಲಕ ಹೇಳುತ್ತದೆ.

ಆ ಖಾಲಿ ನೆಲದವಳೊಬ್ಬಳು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲೇ ಕೂರುತ್ತಾಳೆ. ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಸರಕಿನ ಲಾರಿಗಳಿಗೆ ಸಮಯ ಹಂಚುವುದು ನಮ್ಮಿಬ್ಬರ ಕೆಲಸ. ಅವಳು ಅಲ್ಲಿನ ಮೂಲನಿವಾಸಿಗಳ ಪೈಕಿ. ಅದೇ ಹಾಲ್‌ಗೆ ಯೋಗ ಕಲಿಯಲು ಹೋಗಿ, ಕತ್ತು ತಿರುಗಿಸುವಾಗ ಆ ಫಲಕ ಕಣ್ಣಿಗೆ ಬಿತ್ತಂತೆ.

"ಖಾಲಿ ಇತ್ತಂತೆ! ನಮ್ಮಜ್ಜಿಯ ಅಜ್ಜಿ ಅಲ್ಲೇ ನಿಂತಿದ್ಲು ಕಣೋ. ಅವಳೇನು ಗಿಡವಾ?"

ಪ್ರತಿಮೆ ಒಡೆಯಿರಿ ಎಂದು ಅವಳು ಕೇಳಲಿಲ್ಲ. ಎರಡು ಸಾಲು ಸೇರಿಸಿ ಎಂದಳು: ಅಲ್ಲಿ ನಮ್ಮ ಜನ ಇದ್ದರು. ಇವನ ಆಳುಗಳು ಅವರನ್ನು ಕೊಂದರು. ಹಾಲ್ ಸಮಿತಿ ಅದನ್ನು ಮಂಗಳವಾರ ತೀರ್ಮಾನಿಸುವುದಿತ್ತು. ಬಾಡಿಗೆದಾರರ ಕಡೆಯಿಂದ ನಾನು ಮಾತಾಡುತ್ತೇನೆ, ನನಗೆ ಬಿಟ್ಟುಬಿಡು ಎಂದು ಎದೆ ತಟ್ಟಿಕೊಂಡೆ. ನನ್ನನ್ನು ಬಲ್ಲವರು ಅಲ್ಲೇ ಬೆವರಬೇಕಿತ್ತು. ಪಾಪ, ಅವಳಿಗೆ ನನ್ನ ಪರಿಚಯ ಅಷ್ಟಿರಲಿಲ್ಲ.

ಅದಕ್ಕೆ ಮೊದಲಿನ ಶನಿವಾರ ರಾಜ್ಯೋತ್ಸವ. ವೇದಿಕೆಯ ಉಸ್ತುವಾರಿ ನನ್ನದು. ಮೈಕು ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತಿತ್ತು, ನಾನು ವೈರುಗಳ ನಡುವೆ ತಲೆ ತೂರಿಸಿದ್ದೆ. ನಮ್ಮ ಮೇಲಿನ ಫ್ಲ್ಯಾಟಿನ ಧಾರವಾಡದ ಹಿರಿಯಾಕೆ, ನಮಗೆಲ್ಲ ಕಾಕು, ಟೂಟಿಂಗ್‌ನ ಇಂಡಿಯನ್ ಅಂಗಡಿಯಿಂದ ಜೋಡಿ ಹಾರ ತಂದಿದ್ದರು.

"ತಮ್ಮಾ, ತಾಯಿ ಭುವನೇಶ್ವರಿಗೆ ಹಾಕಿದೆ. ಒಂದು ಮಾಲಿ ಉಳೀತು. ಈ ಮೀಸಿ ಮನಷ್ಯಾ ಯಾರೋ?"

"ಯಾರೋ ದೊಡ್ಡೋರು ಕಾಕು, ಹಾಕ್ಬಿಡಿ!" ಎಂದೆ, ತಲೆ ಎತ್ತದೆ.

ನಮ್ಮವರಿಗೆ ಕೈಯಲ್ಲಿ ಹಾರ, ಎದುರಿಗೊಂದು ಪ್ರತಿಮೆ ಸಿಕ್ಕರೆ ಸಾಕು, ನಡುವೆ ಪ್ರಶ್ನೆಗೆ ಜಾಗವೇ ಇರುವುದಿಲ್ಲ. ಕಾಕು ಆದರೂ ಮೊಮ್ಮಗಳಿಂದ ಫಲಕ ಓದಿಸಿಕೊಂಡರು. ಊರು ಕಟ್ಟಿದವನು ಎಂದು ತಿಳಿದು ಇನ್ನಷ್ಟು ಉಬ್ಬಿದರು. ನಾನು ತಲೆ ಎತ್ತುವಷ್ಟರಲ್ಲಿ ಕೊರಳಲ್ಲಿ ಚೆಂಡುಹೂವು, ಹಣೆಗೆ ಕುಂಕುಮ, ಮುಂದೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಕಾಕು ಮೊಮ್ಮಗಳ ಕತ್ತು ಬಗ್ಗಿಸುತ್ತಿದ್ದರು.

"ಕಾಲಿಗೆ ಬೀಳು!"

"ಹೀ ಹ್ಯಾಸ್ ನೋ ಫೀಟ್, ಅಜ್ಜಿ!"

"ಇದ್ದಲ್ಲೆ ಬೀಳು!"

ಊದುಬತ್ತಿಯ ಹೊಗೆಗೆ ಫೈರ್ ಅಲಾರಂ ಬಡಿದುಕೊಂಡಿತು. ಹಾಲ್ ಸಮಿತಿಯ ಕಾರ್ಯದರ್ಶಿ, ಒಬ್ಬ ವಯಸ್ಸಾದ ಇಂಗ್ಲಿಷ್ ಸಾಹೇಬರು, ಬೈಯಲು ಓಡಿಬಂದವರು ಆ ದೃಶ್ಯ ಕಂಡು ಗದ್ಗದಿತರಾದರು. ಫೋಟೋ ಹೊಡೆದುಕೊಂಡರು. ಬಿಸಿಬೇಳೆಬಾತಿಗೆಂದು ನಾನೇ ಕರೆದಿದ್ದ ನನ್ನ ಸಹೋದ್ಯೋಗಿ ಸರಿಯಾಗಿ ಅದೇ ಗಳಿಗೆಯಲ್ಲಿ ಬಾಗಿಲಿಗೆ ಬಂದಳು. ಮೀಸೆಯವನನ್ನು ನೋಡಿದಳು. ನನ್ನನ್ನು ನೋಡಿದಳು. ಊಟ ಮಾಡದೆ ಹೊರಟುಹೋದಳು.

ಮರುದಿನ ಕಾಕುಗೆ ಎಲ್ಲ ಹೇಳಿದೆ. ಒಗ್ಗರಣೆಯ ಸೌಟು ಅಲ್ಲೇ ನಿಂತಿತು.

"ಯವ್ವಾ! ಕೂಸಿನ್ನ ಅಂಥವನ ಮುಂದ ಅಡ್ಡ ಬೀಳಿಸಿದೆನಲ್ಲೋ! ಮಂಗಳವಾರ ನಾನೂ ಬರ್ತೇನಿ."

ಮಂಗಳವಾರದ ಸಭೆಯಲ್ಲಿ ಕಾರ್ಯದರ್ಶಿ ಆ ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದರು. "ನೋಡಿ, ಹಾಲ್ ಬಳಸೋ ಜನಾನೇ ಇವರನ್ನ ಗೌರವಿಸ್ತಾರೆ. ಆ ಕಾಲದ ಕಹಿ ಎಲ್ಲರಿಗೂ ಗೊತ್ತಿರೋದೇ. ಮತ್ತೆ ಬರೆದು ಯಾಕೆ ಕೆದಕಬೇಕು?"

ಅದನ್ನು ಕಾಕುಗೆ ಕನ್ನಡದಲ್ಲಿ ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಎಲ್ಲರೂ ನನ್ನತ್ತ ತಿರುಗಿದರು. ಬಾಯಿಪಾಠ ಮಾಡಿದ್ದ ಭಾಷಣ ಪಿಕಡಿಲಿ ಲೈನ್ ರೈಲು ಹತ್ತಿ ಎತ್ತಲೋ ಹೋಗಿತ್ತು.

"ಸರ್, ನಮ್ಮ ಮನೆಗಳಲ್ಲಿ ಫೋಟೋಗೆ ಹಾರ ಹಾಕೋದು ಸತ್ತೋರಿಗೆ. ಇವರು ಸತ್ತಿದ್ದಾರೆ ಅಂತ ನಾವು ಖಚಿತಪಡಿಸಿದ್ವಿ, ಅಷ್ಟೇ."

"ಹಣೆಯ ಕೆಂಪು?"

"ಅದು... ಬಣ್ಣ ಹೊಂದಲಿ ಅಂತ."

ಸಹೋದ್ಯೋಗಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಕಾಕು ನನ್ನ ಅಂಗಿ ಹಿಡಿದು ಜಗ್ಗಿದರು. "ಸಾಕು ಕೂಡೋ. ನಾ ಹೇಳಿದ್ದಷ್ಟ ಅವರ ಭಾಷಾದಾಗ ಹೇಳು."

ಅವರು ಎದ್ದು ನಿಂತು ಶುರು ಮಾಡಿದರು, ನಾನು ಇಂಗ್ಲಿಷಿಗೆ ದಾಟಿಸುತ್ತಾ ಹೋದೆ.

"ಎಲ್ಲಾರಿಗೂ ಗೊತ್ತೈತಿ ಅಂತೀರಿ. ನನಗ ಗೊತ್ತಿರಲಿಲ್ರಿ. ಈ ಹುಡುಗಗ ಗೊತ್ತಿತ್ತು, ಆದ್ರ ಇಂವ ತಲಿ ಎತ್ತಿ ನೋಡೂದಿಲ್ಲ." ಈ ಕೊನೆಯ ಮಾತನ್ನು ನಾನು ದಾಟಿಸಲಿಲ್ಲ. "ನಿಮ್ಮ ಫಲಕಾ ಓದಿಸಿಕೊಂಡೇ ಮಾಲಿ ಹಾಕಿದೆ. ಊರು ಕಟ್ಟಿದಂವ ಅಂತಿತ್ತು, ಛಲೋ ಮನಷ್ಯಾ ಇರಬೇಕು ಅಂತ ಕೈ ಮುಗದೆ. ಈ ಹುಡುಗಿ ಕೇಳೂ ಎರಡು ಸಾಲು ಅಲ್ಲಿದ್ರ ಹಾಕ್ತಿದ್ದೆನೇನ್ರಿ? ನನ್ನ ಮೊಮ್ಮಗಳನ್ನ ಬೀಳಿಸಿದ್ದು ನಿಮ್ಮ ಅರ್ಧಾ ಬರದ ಫಲಕಾ."

ಗೋಡೆಯ ಮೇಲೆ ಆ ಫೋಟೋ ಇನ್ನೂ ಹಾಗೇ ಇತ್ತು. ಕಾರ್ಯದರ್ಶಿ ಅದನ್ನು ಆರಿಸಲು ರಿಮೋಟು ಹುಡುಕತೊಡಗಿದರು.

ಸಮಿತಿಯ ಇನ್ನೊಬ್ಬರು ರಾಜಿಗೆ ಬಂದರು. ಎರಡು ಸಾಲು ಇರಲಿ, ಆದರೆ 'ಕೊಂದರು' ಅನ್ನುವುದು ಒರಟಾಯಿತು, 'ಅವರು ಪ್ರಾಣ ಕಳೆದುಕೊಂಡರು' ಎಂದರೆ ಮೆತ್ತಗಿರುತ್ತದೆ ಎಂದರು.

ನನ್ನ ಸಹೋದ್ಯೋಗಿ ಎದ್ದಳು. "ಕಳ್ಕೊಳ್ಳೋಕೆ ಅದೇನು ಬೀಗದ ಕೈಯಾ? ಎಲ್ಲೋ ಬೀಳಿಸಿಕೊಂಡ್ರಾ? ಕೊಂದ್ರು. ನಮ್ಮ ಮನೇಲಿ ಇವತ್ತಿಗೂ ಹಾಗೇ ಹೇಳೋದು."

ಚಹಾ ಆರಿ ನೀರಾಗುವವರೆಗೂ ಜಗಳ ನಡೆಯಿತು. ಕಡೆಗೆ 'ಕೊಂದರು' ಇರಲಿ ಎನ್ನುವವರ ಕೈ ಎತ್ತಿಸಿದಾಗ ಒಂದು ಕೈ ಕಡಿಮೆ ಬಿತ್ತು. ಕಾರ್ಯದರ್ಶಿಯ ಕೈ ಕಿವಿ ಕೆರೆದುಕೊಳ್ಳುವ ನೆಪದಲ್ಲಿ ಎದ್ದು, ಅಲ್ಲೇ ನಿಂತಿತು. ಕಾಕು ಬೆರಳು ಮಾಡಿ ತೋರಿಸಿದರು, ಎಣಿಕೆಗೆ ಸೇರಿತು. 'ಕೊಂದರು' ಉಳಿಯಿತು.

ಮರುದಿನ ಆಫೀಸಿಗೆ ಹೋದರೆ, ಗೋಡೆಯಲ್ಲಿ ಸಿಬ್ಬಂದಿಯ ಫೋಟೋಗಳ ಸಾಲಿನಲ್ಲಿ ನನ್ನದಕ್ಕೆ ಮಾತ್ರ ಪ್ಲಾಸ್ಟಿಕ್ ಚೆಂಡುಹೂವಿನ ಹಾರ.

"ನಿನ್ನೆ ನಿನ್ನ ಭಾಷಣ ಕೇಳಿ, ನೀನು ಹೋಗೇಬಿಟ್ಟೆ ಅಂದ್ಕೊಂಡೆ," ಎಂದಳು ಸಹೋದ್ಯೋಗಿ, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

ಫೋಟೋದ ಕೆಳಗೆ ಎರಡು ಸಾಲು ಬರೆದು ಅಂಟಿಸಿದ್ದಳು: ಶನಿವಾರ ತಲೆ ಎತ್ತದೆ ಹಾರ ಹಾಕಿಸಿದ. ಮಂಗಳವಾರ ಬಾಯಿ ತೆರೆದು ಮುಳುಗಿಸುವಷ್ಟರಲ್ಲಿ ಕಾಕು ಬಂದರು.

"ಅಮ್ಮಾ ತಾಯಿ, 'ಹಾಕಿಸಿದ' ಬೇಡ. 'ಹಾರ ಬಿತ್ತು' ಅಂತ ಬರಿ. ಸ್ವಲ್ಪ ಮೆತ್ತಗಿರುತ್ತೆ," ಎಂದು ಗೋಗರೆದೆ.

"ಸಮಿತಿಗೆ ಅರ್ಜಿ ಹಾಕು," ಎಂದು ಅವಳು ಮುಂದಿನ ಲಾರಿಯವನಿಗೆ ಫೋನ್ ಹಚ್ಚಿದಳು.