ಸೋತೇನಿ ಅಂದ ಎದುರುಮನೆ ಕಾಕು

ಮೊನ್ನೆ ಬಸವನ ಬಾಗೇವಾಡಿಯ ತಂಗಿಯ ಮನೆಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಸುಸಲಾದ ಒಗ್ಗರಣೆಯ ವಾಸನೆ ಬಂತು. ನೆನೆಸಿದ ಚುರುಮುರಿ, ಕರಿಬೇವು, ಹಸಿಮೆಣಸಿನಕಾಯಿ, ಮೇಲೆ ಉದುರಿಸಿದ ಪುಟಾಣಿ ಹಿಟ್ಟು... ಆ ವಾಸನೆಯ ಬೆನ್ನಿಗೇ ಚಿಕ್ಕಮ್ಮನಂತಿದ್ದ ನಮ್ಮ ಊರಿನ ಎದುರುಮನೆ ಕಾಕು ಬಂದು ನಿಂತ ಹಾಗಾಯಿತು.

ಆದರೆ ಸಮಾಧಾನದಿಂದ ನೆನೆಯಲು ಬಿಟ್ಟರೆ ತಾನೆ? ಒಳಗೆ ತಂಗಿಯ ಇಬ್ಬರು ಗಂಡುಮಕ್ಕಳು ಕಿತ್ತಾಡುತ್ತಿದ್ದರು. ಚಿಕ್ಕವನು ಮೊಬೈಲು ಮುಂದೆ ಹಿಡಿದು, ಎದುರು ಪಕ್ಷಕ್ಕೆ ಓಟು ಹಾಕುವವರ ಓಟಿನ ಹಕ್ಕನ್ನೇ ಕಸಿಯಬೇಕು ಎನ್ನುತ್ತಿದ್ದ. ದೊಡ್ಡವನು ನಗುತ್ತಿದ್ದ. ಅವನು ಓಟಿನ ದಿನ ರಜೆ ಸಿಕ್ಕಿತೆಂದು ಗೆಳೆಯರ ಜೊತೆ ಇಂಡಿ ಪಟ್ಟಣಕ್ಕೆ ಹೋಗಿ ಊಟ ಮಾಡಿ ಬಂದವನು. "ಎಲ್ಲಾ ನಾಟಕ ಐತಿ ಮೌಶಿ. ಇಲೆಕ್ಷನ್ ಬಂದ್ ಮಾಡಿ ಒಬ್ಬನ ಕೈಯಾಗ ಕೊಟ್ಟ ಬಿಡಬೇಕು" ಎಂದು ದೊಡ್ಡಮ್ಮನಾದ ನನಗೇ ಹೇಳಿದ. ಕಾಲೇಜು ಕಲಿತ ಹುಡುಗರು. ಇಬ್ಬರಿಗೂ ಒಂದು ದಿನವೂ ಯಾರೂ ಬಾಯಿ ಮುಚ್ಚು ಅಂದಿಲ್ಲ. ಅದಕ್ಕೇ ಇಷ್ಟು ಸದರ.

ನಾಲತವಾಡದ ಹತ್ತಿರದ ಹಳ್ಳಿ ನಮ್ಮದು. ಕಾಕು ಪಂಚಾಯಿತಿ ಚುನಾವಣೆಗೆ ನಿಂತಾಗ ನಾನು ಮುದ್ದೇಬಿಹಾಳಕ್ಕೆ ಕಾಲೇಜಿಗೆ ಹೋಗಿಬರುತ್ತಿದ್ದೆ. ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಕಾಕು ಹೊಲ ಮನೆ ಇದ್ದವರು, ವೈಷ್ಣವರು, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಎದುರಿಗೆ ನಿಂತವಳು ಊರ ಹೊರಗಿನ ಕೇರಿಯ ಬೌದ್ಧರ ಮನೆಯ ಹೆಂಗಸು, ಹೊಲದ ಕೂಲಿಗೆ ಹೋಗುತ್ತಿದ್ದವಳು. ಪಂಚಾಯಿತಿ ಚುನಾವಣೆಗೆ ಪಕ್ಷದ ಗುರುತು ಇರುವುದಿಲ್ಲ. ಯಾರು ಯಾರ ಕಡೆ ಅನ್ನುವುದು ಮಾತ್ರ ಊರಿಗೆಲ್ಲ ಗೊತ್ತು.

ಕಾಕು ಸೋತರು. ಬೆರಳಲ್ಲಿ ಎಣಿಸುವಷ್ಟೇ ಓಟಿನಿಂದ. ಮರುಎಣಿಕೆಯಲ್ಲೂ ಅಷ್ಟೇ ಬಂತು.

ಅವರು ಮುದ್ದೇಬಿಹಾಳದಿಂದ ಊರಿಗೆ ಬರುವಷ್ಟರಲ್ಲಿ ಅವರ ಅಂಗಳದಲ್ಲಿ ಜನ ತುಂಬಿತ್ತು. ಕಾಕುವಿನ ಮೈದುನ ಮುಂದೆ, ಅವನ ಹಿಂದೆ ಕೈಯಲ್ಲಿ ಬಡಿಗೆ ಹಿಡಿದ ಹುಡುಗರು. ಹಲಗೆ ಬಾರಿಸುತ್ತ, ಗುಲಾಲು ಎರಚುತ್ತ ಗೆದ್ದವರ ಮೆರವಣಿಗೆ ನಮ್ಮ ಓಣಿಯ ಕಡೆಗೇ ಬರುತ್ತಿತ್ತು. ಅದನ್ನು ತಡೆದು ಬಡಿಯುವುದೆಂದು ಇವರೆಲ್ಲ ಮಾತಾಡಿಕೊಂಡಿದ್ದರು. ನಾನು ನಮ್ಮ ಬಾಗಿಲಲ್ಲಿ ಅವ್ವನ ಸೆರಗು ಹಿಡಿದು ನಿಂತಿದ್ದೆ.

"ಮೋಸ ಆಗೇತಿ ವೈನಿ" ಎಂದು ಮೈದುನ ಕೂಗಿದ. "ಆ ಕೇರಿಯಾಕಿ ನಮ್ಮ ಮುಂದ ಮೆರೀಬೇಕೇನು?"

ಕಾಕು ಚಪ್ಪಲಿ ಸಹ ಬಿಟ್ಟಿರಲಿಲ್ಲ. "ನನ್ನ ಕಣ್ಣಮುಂದನ ಎರಡ ಸಲ ಎಣಿಸ್ಯಾರ. ಮೋಸ ಗೀಸ ಏನೂ ಇಲ್ಲ. ನಾ ಸೋತೇನಿ" ಅಂದರು.

"ಹಂಗ ಅನಬ್ಯಾಡ್ರಿ!"

"ಮತ್ತ ಹೆಂಗ ಅನ್ಲಿ? ಗೆದ್ರ ಖರೆ, ಸೋತ್ರ ಸುಳ್ಳು ಅನ್ನೂದಿದ್ರ ಓಟ್ ಕೇಳಾಕ ಮನಿಮನಿಗೆ ಯಾಕ ಕರಕೊಂಡ ಹೋದಿ ನನ್ನ? ಬಡಿಗಿ ಕೆಳಗ ಒಗೀರಿ. ಯಾರರ ಒಬ್ರು ಕೈ ಎತ್ತಿದ್ರ ಮೊದಲ ನನಗ ಬಡೀಬೇಕಾಗ್ತದ."

ಒಳಗೆ ಹೋಗಿ ಕುಂಕುಮದ ಭರಣಿ ತಂದರು. ಹುಡುಗರ ನಡುವೆಯೇ ದಾರಿ ಮಾಡಿಕೊಂಡು ಓಣಿಗೆ ಇಳಿದರು. ಹಲಗೆ ನಿಂತಿತು. ಗುಲಾಲಿನಲ್ಲಿ ಮಿಂದಿದ್ದ ಆ ಹೆಂಗಸು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಕಾಕು ಅವಳ ಹಣೆಗೆ ಕುಂಕುಮ ಹಚ್ಚಿ, "ಒಳಗ ಬಾರವಾ, ಸುಸಲಾ ಮಾಡ್ತೇನಿ, ತಿಂದ ಹೋಗು" ಅಂದರು.

ಅವಳು ಬಡಿಗೆಗಳ ಕಡೆ ನೋಡಿದಳು. "ಇವತ್ತ ಬ್ಯಾಡ್ರಿ ಕಾಕು. ಮಂದಿ ಸಿಟ್ಟಿನ್ಯಾಗ ಐತಿ. ನಾಳೆ ಬರ್ತೇನಿ."

ಬಂದಳು. ಮರುದಿನ, ಒಬ್ಬಳೇ, ಮುಂಬಾಗಿಲಿನಿಂದ. ಆ ಮನೆಯ ಹೊಸ್ತಿಲನ್ನು ಅವಳ ಕೇರಿಯವರು ಯಾರೂ ಅದುವರೆಗೆ ದಾಟಿರಲಿಲ್ಲ. ನಡುಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಸುಸಲಾ ತಿಂದದ್ದನ್ನು ನಾನು ನಮ್ಮ ಕಟ್ಟೆಯಿಂದ ನೋಡಿದೆ.

ಆಮೇಲೆ ಇಬ್ಬರೂ ಗೆಳತಿಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಓಣಿಗೆ ನೀರು ಸರಿಯಾಗಿ ಬಿಡದಿದ್ದಾಗ ಕಾಕು ಗ್ರಾಮಸಭೆಯಲ್ಲಿ ಎದ್ದು ನಿಂತು ಅವಳ ಬೆವರಿಳಿಸಿದರು. ಅವಳೂ ಬಿಡಲಿಲ್ಲ: "ನಮ್ಮ ಕೇರಿಗೆ ಇಷ್ಟ ವರ್ಷ ನೀರ ಇರಲಿಲ್ಲಲ್ರಿ, ಆವಾಗ ಎಲ್ಲಿದ್ರಿ?" ಕಾಕು, "ಅದೂ ಖರೆ. ಎರಡೂ ಕಡೆ ಬಿಡು" ಅಂದರು. ಜಗಳವೆಂದರೆ ಅದು. ನೀರಿಗಾಗಿ, ಮುಖಕ್ಕೆ ಮುಖ ಕೊಟ್ಟು.

ಸೋಲು ಒಪ್ಪಿಕೊಂಡದ್ದಕ್ಕೆ ಕಾಕು ತೆತ್ತದ್ದು ಸಣ್ಣದಲ್ಲ. ಮೈದುನ ಬೇರೆ ಮನೆ ಮಾಡಿದ. ತಮ್ಮ ಕಡೆಯವರೇ "ಮಾರಿಕೊಂಡಾಕಿ" ಎಂದು ಊರೆಲ್ಲ ಸಾರಿದರು. ಯಾರೋ ಬಾಗಿಲಿಗೆ ಸಗಣಿ ಬಳಿದು ಹೋದರು. ಅದನ್ನು ತೊಳೆಯುವಾಗ ನಾನೂ ಕೊಡ ಹಿಡಿದು ಹೋಗಿದ್ದೆ. ಅಳುತ್ತಿದ್ದರು. "ಸೋತದ್ದಕ್ಕ ಅಲ್ಲವಾ... ಇವರೆಲ್ಲಾ ನನ್ನ ಕೈಯಾಗ ಉಂಡವರು..." ಅಂದರು. ಬಾಗಿಲು ತಿಕ್ಕುತ್ತಲೇ ಇದ್ದರು. ಮುಂದೆ ಯಾವ ಚುನಾವಣೆಯಲ್ಲೂ ಯಾರೂ ಅವರನ್ನು ನಿಲ್ಲು ಅನ್ನಲಿಲ್ಲ. ಓಟು ಹಾಕುವುದನ್ನು ಮಾತ್ರ ಕಾಕು ಒಮ್ಮೆಯೂ ತಪ್ಪಿಸಲಿಲ್ಲ. ಕೊನೆಕೊನೆಗೆ ಕಣ್ಣು ಮಂಜಾದಾಗಲೂ ಗೋಡೆ ಹಿಡಿದು ಮತಗಟ್ಟೆಯಿದ್ದ ಶಾಲೆಯ ತನಕ ನಡೆದು ಹೋಗುತ್ತಿದ್ದರಂತೆ. ಅವರು ತೀರಿದ ಸುದ್ದಿ ನನಗೆ ತಡವಾಗಿ ಮುಟ್ಟಿತು...

ಇದನ್ನೆಲ್ಲ ಆ ಇಬ್ಬರಿಗೂ ಹೇಳಿದೆ. ದನಿ ಏರಿಸಿಯೇ ಹೇಳಿದೆ. ಚಿಕ್ಕವನು "ಮೌಶಿ, ಆ ಕಾಲ ಬ್ಯಾರೆ ಇತ್ತು" ಅಂದ. ನನ್ನ ಮೈ ಉರಿದುಹೋಯಿತು. ಯಾವ ಕಾಲ ಬೇರೆ? ಆಗಲೂ ಬಡಿಗೆ ಇದ್ದವು, ಜಾತಿಯ ಸೊಕ್ಕಿತ್ತು, ಮೋಸ ಆಗಿದೆ ಎಂದು ಕೂಗುವ ಬಾಯಿ ಇತ್ತು. ಒಬ್ಬ ಹೆಂಗಸು ಸೋತೆ ಎಂದು ಬಾಯಿಬಿಟ್ಟು ಹೇಳಿದ್ದರಿಂದ ಅವತ್ತು ನಮ್ಮ ಓಣಿಯಲ್ಲಿ ರಕ್ತ ಹರಿಯಲಿಲ್ಲ, ಅಷ್ಟೇ. ಅಂಥವರು ಊರೂರಲ್ಲಿ ಇದ್ದುದರಿಂದ ಇವರು ಇಂದು ಸೋಫಾದ ಮೇಲೆ ಕಾಲು ಚಾಚಿ, ಚುನಾವಣೆಯೇ ಬೇಡ ಅನ್ನುತ್ತಿದ್ದಾರೆ!

ದೊಡ್ಡವನು ಮಾತ್ರ ಕೊನೆತನಕ ಕೇಳಿದ. ಮನಸ್ಸಿಗೆ ತಟ್ಟಿತೇನೋ ಅಂದುಕೊಂಡೆ.

"ಮತ್ತ ಮುಂದಿನ ಸಲ ಗೆದ್ರೇನ ಆ ಕಾಕು?" ಎಂದು ಕೇಳಿದ.

"ಇಲ್ಲ" ಅಂದೆ.

"ಹಂಗಾರ ಏನ್ ಉಪಯೋಗ ಆತು ಮೌಶಿ?" ಎಂದು ನಕ್ಕು, ತನ್ನ ಮೊಬೈಲಿಗೆ ತಲೆ ಬಗ್ಗಿಸಿದ.

ಕಾಕು ಇದ್ದಿದ್ದರೆ ಅವನಿಗೆ ಏನು ಹೇಳುತ್ತಿದ್ದರು? ಎಷ್ಟು ಯೋಚಿಸಿದರೂ ಅವರ ಮಾತು ನನ್ನ ಬಾಯಿಗೆ ಬರಲಿಲ್ಲ. ಕಾಕು ಇನ್ನಿಲ್ಲ ಎನ್ನುವುದು ನನಗೆ ಖರೆ ತಿಳಿದದ್ದು ಆಗ.