ಹೊಡೆದುಹಾಕಿದ ಮೂರು ಸಾಲು

ಕೊಯಮತ್ತೂರು ಮತ್ತು ತಿರುಪ್ಪೂರಿನ ಸಿವಿಲ್ ನ್ಯಾಯಾಲಯಗಳಲ್ಲಿ ನಲವತ್ತಾರು ವರ್ಷ ವಕೀಲಿ ನಡೆಸಿ, ಎಪ್ಪತ್ತೈದು ತುಂಬಿದ ಈ ವರ್ಷ ಕರಿಕೋಟು ಕಳಚಿಡುತ್ತಿರುವ ಶ್ರೀ ವ್ಯಾಸರಾಯರ ಬಗ್ಗೆ ಬರೆಯುವವರು ಸಹಜವಾಗಿಯೇ ಅವರು ಗೆದ್ದ ದಾವೆಗಳಿಂದ ಆರಂಭಿಸುತ್ತಾರೆ. ದಾರಿ, ಬಾವಿ, ಬೇಲಿಗಳ ವ್ಯಾಜ್ಯದಲ್ಲಿ ಅವರಷ್ಟು ತಿಳಿದವರು ಈ ಸೀಮೆಯಲ್ಲಿ ವಿರಳವೆಂಬುದು ನಿಜ. ಆದರೆ ಅವರ ಕಚೇರಿಯಲ್ಲಿ ಪಳಗಿದವರನ್ನು ಕೇಳಿದರೆ ಬೇರೆಯೇ ಮಾತು ಬರುತ್ತದೆ: ಕೈಹಿಡಿದ ಕಕ್ಷಿಗಾರನನ್ನು ಬಿಡಲೇಬೇಕಾಗಿ ಬಂದಾಗ ಹೇಗೆ ಬಿಡಬೇಕೆಂಬುದನ್ನು ಅವರಿಂದ ಕಲಿಯಬೇಕು.

ಹಾಗೆ ಕಲಿತವರಲ್ಲಿ ಗೋಪಿಕಾ ಒಬ್ಬರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕುರಿಚಿಯ ಎರಕದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಬ್ಬಿಣದ ಮಾದರಿಗಳನ್ನು ಪರೀಕ್ಷಿಸುತ್ತಿದ್ದು, ಆಮೇಲೆ ಕಾನೂನು ಓದಿ ೨೦೧೧ರಲ್ಲಿ ವ್ಯಾಸರಾಯರ ಕಚೇರಿ ಸೇರಿದವರು. ಮೊದಲ ವಾರವೇ ಗೋಪಿಕಾ ನ್ಯಾಯಾಧೀಶರ ಪ್ರಶ್ನೆಗೆ ಉತ್ತರ ತೋಚದೆ ನಿಂತುಬಿಟ್ಟಾಗ, ವ್ಯಾಸರಾಯರು ಎದ್ದು ಹತ್ತು ನಿಮಿಷದ ಅವಕಾಶ ಬೇಡಿದರು; ಹೊರಗೆ ಬಂದು ಬೈಯಲಿಲ್ಲ, ಕಾಫಿ ಕೊಡಿಸಿ ಕಡತದ ಹದಿನೇಳನೆಯ ಪುಟ ತೆರೆದು ಮುಂದಿಟ್ಟರು. ಗುಮಾಸ್ತೆ ಪಂಕಜಂ ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ತಿಂಗಳಿಡೀ ದಿನದ ಪ್ರಕರಣಗಳ ಪಟ್ಟಿಯನ್ನು ಅವರಿಗೆ ಓದಿ ಹೇಳಿದವರೂ ವ್ಯಾಸರಾಯರೇ.

ಆ ದಿನಗಳಲ್ಲಿ ಬಂದ ಕಕ್ಷಿಗಾರರು ಕಾಂಗೇಯಂ ಬಳಿ ಕೊಬ್ಬರಿ ಎಣ್ಣೆಯ ಗಿರಣಿ ನಡೆಸುವ ಕರುಪ್ಪುಸಾಮಿ. ಮನೆಯಲ್ಲಿ ಕನ್ನಡ, ಗಿರಣಿಯಲ್ಲಿ ತಮಿಳು, ಸಿಟ್ಟು ಬಂದರೆ ಎರಡೂ. ಗಿರಣಿಗೆ ಲಾರಿ ಹೋಗಲು ಇದ್ದ ಒಂದೇ ದಾರಿಗೆ ನೆರೆಯ ತಂಗವೇಲು ಬೇಲಿ ಹಾಕಹೊರಟಿದ್ದರು. ವ್ಯಾಸರಾಯರು ತಾತ್ಕಾಲಿಕ ತಡೆಯಾಜ್ಞೆ ತಂದುಕೊಟ್ಟರು. ಆದರೂ ವಾರಕ್ಕೆರಡು ಸಲ ಕಚೇರಿಗೆ ಬಂದು ಕರುಪ್ಪುಸಾಮಿ ಕೂಗಾಡುವುದು ತಪ್ಪಲಿಲ್ಲ.

“ಏನುಂಗೋ ಸಾರ್, ನೀವು ವಕೀಲ್ರಾ, ಪಂಚಾಂಗದೋರಾ? ಯಾವಾಗ್ ಕೇಳಿದ್ರೂ ತೇದಿ ಮಾತ್ರ ಸೊಲ್ತೀರಿ!”

ವ್ಯಾಸರಾಯರು ನಗುತ್ತಿದ್ದರು. ಬೈಯುವ ಕಕ್ಷಿಗಾರನನ್ನು ಬಿಡಬೇಕಾಗಿಲ್ಲ ಎಂಬುದು ಅವರ ಮತ. ಆದರೆ ೨೦೧೩ರ ಒಂದು ಮಧ್ಯಾಹ್ನ ಕರುಪ್ಪುಸಾಮಿ, ಯಾವ ವಕೀಲನೂ ಮಾಡಬಾರದ ಕೆಲಸವೊಂದನ್ನು ಮಾಡಿಕೊಡಿ ಎಂದು ಪಟ್ಟು ಹಿಡಿದರು. ವ್ಯಾಸರಾಯರು ಎರಡು ಸಲ ಕರೆಸಿ ತಿಳಿಹೇಳಿದರು, ಕೇಳಲಿಲ್ಲ. ಆಗ ರಿಜಿಸ್ಟರ್ಡ್ ಪತ್ರ ಹೋಯಿತು: ನಾವು ಮುಂದುವರಿಯಲಾರೆವು, ಮುಂದಿನ ವಿಚಾರಣೆ ಇಂಥ ದಿನ, ಬೇರೆಯವರು ಸಿಗುವ ತನಕ ಪ್ರಕರಣ ಕೈತಪ್ಪದಂತೆ ನೋಡಿಕೊಳ್ಳುತ್ತೇವೆ. ಕರುಪ್ಪುಸಾಮಿ ಬೇರೆ ವಕೀಲರನ್ನು ಹಿಡಿಯಲಿಲ್ಲವಾಗಿ, ವಕಾಲತ್ತಿನಿಂದ ಹಿಂದೆ ಸರಿಯಲು ನ್ಯಾಯಾಲಯದ ಅನುಮತಿಯನ್ನೇ ಕೇಳಬೇಕಾಯಿತು.

ಆ ಅರ್ಜಿಯ ಕರಡು ಬರೆದವರು ಗೋಪಿಕಾ. ಕಂಡದ್ದನ್ನೆಲ್ಲ ದಾಖಲಿಸುವುದು ಲ್ಯಾಬಿನಲ್ಲಿ ಬೆಳೆದ ಅಭ್ಯಾಸ. ತಾರೀಖು, ಗಂಟೆ, ಕರುಪ್ಪುಸಾಮಿ ಕೇಳಿದ್ದೇನು ಎಂಬ ಮೂರು ಸಾಲು, ಎಲ್ಲವೂ ಅದರಲ್ಲಿತ್ತು. ವ್ಯಾಸರಾಯರು ಮೊಂಡು ಪೆನ್ಸಿಲಿನಿಂದ ಆ ಮೂರು ಸಾಲನ್ನು ಹೊಡೆದುಹಾಕಿದರು.

“ನಡೆದದ್ದನ್ನೇ ಬರೆದಿದೀನಿ ಸಾರ್. ಒಂದಕ್ಷರ ಸುಳ್ಳಿಲ್ಲ.”

“ಅದೇ ಅಮ್ಮಾ ತೊಂದರೆ. ಸುಳ್ಳಾಗಿದ್ರೆ ಇಲ್ಲ ಅಂತಿದ್ರು. ನಿಜಕ್ಕೆ ಏನಂತಾರೆ? ಇದನ್ನ ಓದಿದ ಮೇಲೆ ಜಡ್ಜು ಅವರ ಯಾವ ಮಾತನ್ನ ನಂಬ್ತಾರೆ? ದಾರಿ ಹೋಯ್ತು, ಗಿರಣಿ ಹೋಯ್ತು.”

ವ್ಯಾಸರಾಯರು ಮೆಲ್ಲಗೆ ಮುಂದುವರಿಸಿದರು: “ನಿನ್ನ ಕಬ್ಬಿಣ ನಿನ್ನನ್ನ ನಂಬಿ ಏನೂ ಹೇಳಿರ್ಲಿಲ್ಲ. ಇವರು ನಮ್ಮನ್ನ ನಂಬಿ ಹೇಳಿದಾರೆ.”

ನ್ಯಾಯಾಲಯದಲ್ಲಿ ಎದುರಿನ ವಕೀಲ ಸೋಮಸುಂದರಂ ಕಿವಿ ನಿಮಿರಿಸಿಕೊಂಡು ಕುಳಿತಿದ್ದರು. ಎರಡು ವರ್ಷದ ನಂತರ ಈಗೇಕೆ ಎಂದು ನ್ಯಾಯಾಧೀಶರು ಕೇಳಿದರು. ವೃತ್ತಿಸಂಬಂಧವಾದ ಕಾರಣ, ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ತಮಗಿಲ್ಲ ಎಂದಷ್ಟೇ ವ್ಯಾಸರಾಯರು ಹೇಳಿ, ಕಕ್ಷಿಗಾರರಿಗೆ ಕಾಲಾವಕಾಶ ಬೇಡಿದರು. ಹಿಂದೆ ಸರಿಯಲು ಅನುಮತಿಯೂ ಕಕ್ಷಿಗಾರರಿಗೆ ನಾಲ್ಕು ವಾರವೂ ಸಿಕ್ಕಿತು. ತಡೆಯಾಜ್ಞೆಯೂ ಅಲ್ಲಿಯವರೆಗೆ ಮುಂದುವರಿಯಿತು.

ಮರುದಿನವೇ ಕಾಗದಪತ್ರಗಳ ಕಟ್ಟು ಹಿಡಿದು ಇಬ್ಬರೂ ಕಾಂಗೇಯಂಗೆ ಹೋದರು. ಕಟ್ಟಿನ ಮೇಲೆ ವ್ಯಾಸರಾಯರ ಕೈಬರಹದ ಸೂಚಿ. ಜೊತೆಗೆ ಮುಂದಿನ ವಕೀಲರಿಗೊಂದು ಟಿಪ್ಪಣಿ, ದಾರಿ ಹಳೆಯದೆಂದು ತೋರಿಸುವ ಭೂಮಾಪನದ ನಕ್ಷೆ ಎಷ್ಟನೆಯ ಪುಟದಲ್ಲಿದೆ ಎಂಬುದರ ಸಮೇತ. ಒಣಹಾಕಿದ ಕೊಬ್ಬರಿಯ ನಡುವೆ ನಿಂತಿದ್ದ ಕರುಪ್ಪುಸಾಮಿ ವ್ಯಾಸರಾಯರ ಮುಖ ನೋಡದೆ ಗೋಪಿಕಾರನ್ನು ಕೇಳಿದರು.

“ಏನ್ ಅಮ್ಮಣಿ, ಜಡ್ಜ್ ಹತ್ರ ನನ್ ಬಗ್ಗೆ ಏನೇನ್ ಸೊಲ್ಲಿದ್ರು ನಿಮ್ ಸಾರು?”

“ಏನೂ ಇಲ್ಲ. ನಿಮಗೆ ಟೈಮ್ ಬೇಕು ಅಂದ್ರು, ಅಷ್ಟೇ.”

“ಅಷ್ಟೇವಾ?”

“ಅಷ್ಟೇ.”

ಕರುಪ್ಪುಸಾಮಿ ಒಂದೊಂದೇ ಕಾಗದವನ್ನು ಸೂಚಿಗೆ ತಾಳೆ ನೋಡಿ, ರಸೀತಿಗೆ ರುಜು ಹಾಕಿ, ಹೊರಡುವಾಗ ಕಾರಿನಲ್ಲಿ ನಾಲ್ಕು ಎಳನೀರು ಇಡಿಸಿದರು. ಹೊಸ ವಕೀಲರಾದ ಧರಣಿ ಆ ನಕ್ಷೆಯನ್ನೇ ಮುಂದಿಟ್ಟು ವಾದಿಸಿದರು. ಮುಂದಿನ ವರ್ಷ ದಾರಿ ಗಿರಣಿಗೇ ಉಳಿಯಿತು.

ಈಗ ತುಡಿಯಲೂರಿನಲ್ಲಿ ಸ್ವಂತ ಕಚೇರಿ ನಡೆಸುತ್ತಿರುವ ಗೋಪಿಕಾ ಈ ಅಭಿನಂದನಾ ಸಂಪುಟಕ್ಕಾಗಿ ತಮ್ಮ ನೆನಪುಗಳನ್ನು ಬರೆದುಕೊಡಲು ಒಪ್ಪಿದಾಗ, ಮೊದಲು ಕರುಪ್ಪುಸಾಮಿಯವರ ಒಪ್ಪಿಗೆ ಕೇಳಿದರು. “ಎಲ್ಲಾ ಬರೀರಿ ಅಮ್ಮಣಿ. ನಾನ್ ಕೇಳಿದ್ದು ತಪ್ಪು, ಅದನ್ನೂ ಬರೀರಿ. ನಾನೇ ಸೊಲ್ಲಿದೆ ಅಂತ ಹಾಕ್ರಿ” ಎಂದರು ಅವರು. ಗೋಪಿಕಾ ಬರೆದು, ತಾರೀಖು ಸರಿಯಿದೆಯೇ ನೋಡಲೆಂದು ವ್ಯಾಸರಾಯರಿಗೆ ಕೊಟ್ಟರು. ಎರಡು ತಾರೀಖು ತಿದ್ದಿ ಬಂತು. ಮೂರು ಸಾಲು ಪೆನ್ಸಿಲಿನಿಂದ ಹೊಡೆದು ಬಂತು.

“ಅವರೇ ಒಪ್ಪಿದಾರಲ್ಲ ಸಾರ್!”

“ಅವರು ಒಪ್ಪಿದಾರೆ. ಮೊಮ್ಮಕ್ಕಳನ್ನ ಕೇಳಿದ್ಯಾ?”

“ಅವರ ಮನೇಲಿ ಯಾರಿಗೂ ಕನ್ನಡ ಓದಕ್ಕೇ ಬರಲ್ಲ.”

“ಓದಿ ಹೇಳೋರು ಇರ್ತಾರಮ್ಮಾ.”

ಆ ಬರಹವನ್ನೇ ಆಧರಿಸಿದ ಈ ಲೇಖನದಲ್ಲಿ ಆ ಮೂರು ಸಾಲು ಇಲ್ಲದಿರುವುದಕ್ಕೆ ಇದೇ ಕಾರಣ. ನಿವೃತ್ತರಾಗುತ್ತಿರುವ ವ್ಯಾಸರಾಯರು ಈಗ ತಮ್ಮ ಎಲ್ಲ ಕಕ್ಷಿಗಾರರ ಕಟ್ಟುಗಳನ್ನೂ ಸೂಚಿ ಬರೆದು, ತಾವೇ ಮನೆಮನೆಗೆ ಮುಟ್ಟಿಸುತ್ತಿದ್ದಾರೆ. ಆ ಕೆಲಸ ನಿಧಾನವಾಗಿ ಸಾಗಲಿ, ಆರೋಗ್ಯವಂತರಾಗಿ ಅವರು ನೂರು ಕಾಣಲಿ. ಕಿರಿಯರ ಕರಡುಗಳಲ್ಲಿ ಹೊಡೆದುಹಾಕಬೇಕಾದ ಸಾಲುಗಳು ಇನ್ನೂ ಬಹಳ ಉಳಿದಿವೆ, ಆ ಪೆನ್ಸಿಲು ಸವೆಯದಿರಲಿ.