ಸಲೈನ್ ಪೈಪು ಹಾಕಿದವನು

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಮಾವ ನನ್ನ ಹತ್ತಿರ ತಪ್ಪೊಪ್ಪಿಕೊಂಡರು. ಅಕ್ಕನ ಗಂಡನಿಗೆ ನಮ್ಮ ಕಡೆ ಮಾವ ಎನ್ನುತ್ತೇವೆ. ಬಲತೊಡೆಗೂ ಬಲಗೈಗೂ ಬ್ಯಾಂಡೇಜು ಸುತ್ತಿಸಿಕೊಂಡು ದುಂಡಸಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದರು.

"ಎಷ್ಟ ಸಲ ಹೇಳಿದ್ದಿ ನೀ, ಪೆಟ್ರೋಲ್ ಹಾಕೋ ಮುಂದ ಬೀಡಿ ಬ್ಯಾಡ್ರಿ ಮಾವ ಅಂತ. ನಿನ್ನ ಮಾತ ಕೇಳಲಿಲ್ಲ ನೋಡಪಾ. ತಪ್ಪಾತು."

"ಇರ್ಲಿ ಬಿಡ್ರಿ ಮಾವ" ಎಂದೆ. ಹಾಗೆ ಹೇಳುವಾಗ ನನ್ನ ಅಂಗಿಯ ಜೇಬಿನಲ್ಲಿ ಬೆರಳುದ್ದದ ಒಂದು ಪೈಪಿನ ತುಂಡಿತ್ತು. ಅವರ ತೊಡೆ ಸುಟ್ಟದ್ದು ಬೀಡಿಯಿಂದಲ್ಲ, ಆ ಪೈಪಿನಿಂದ ಎಂಬುದು ನನಗೆ ಎರಡು ದಿನ ಮೊದಲೇ ಗೊತ್ತಾಗಿತ್ತು. ಅವರ ಮಷೀನಿಗೆ ಅದನ್ನು ಹಾಕಿದವನು ನಾನು. ಅಕ್ಕ ಚಹಾ ತಂದಳು, ಕುಡಿದೆ. ಸಕ್ಕರೆ ಹೆಚ್ಚಾಗಿತ್ತು ಎಂಬುದು ಈಗಲೂ ನೆನಪಿದೆ, ಬೇರೆ ಏನೂ ಅನಿಸಿದ್ದು ನೆನಪಿಲ್ಲ.

ಶಿಗ್ಗಾವಿಯಲ್ಲಿ ನನ್ನದೊಂದು ರಿಪೇರಿ ಅಂಗಡಿಯಿದೆ. ಔಷಧಿ ಹೊಡೆಯುವ ಪಂಪು, ಹುಲ್ಲು ಕೊಯ್ಯುವ ಮಷೀನು ಬರುತ್ತವೆ, ಆದರೆ ಹೆಚ್ಚಾಗಿ ಬರುವುದು ಮರ ಕೊಯ್ಯುವ ಚೈನ್ ಸಾ. ಮೊದಲು ಊರಿಗೊಂದು ಇದ್ದರೆ ಹೆಚ್ಚು. ಈಗ ಹಾನಗಲ್ಲಿನ ಕಡೆ ಹಳೆಯ ಮಾವಿನ ತೋಟ ಕಡಿಯುವವರು, ಹಿರೇಕೆರೂರಿನ ಕಡೆ ಬದುವಿನ ಮರ ಮಾರುವವರು, ಎಲ್ಲರಿಗೂ ಅದೇ ಬೇಕು. ಮಾವ ಮೂವತ್ತು ವರ್ಷ ಕೊಡಲಿಯಲ್ಲಿ ಮರ ಕಡಿದವರು. ಮಷೀನು ತೆಗೆದುಕೊಳ್ಳಿರಿ ಎಂದು ಬೆನ್ನು ಹತ್ತಿ ಕೊಡಿಸಿದವನೂ ನಾನೇ.

ಈ ಮಷೀನಿನ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಹೋಗಲು ಪೆನ್ಸಿಲಿಗಿಂತ ಸಣ್ಣದೊಂದು ರಬ್ಬರ್ ಪೈಪು ಇರುತ್ತದೆ. ಇಡೀ ಮಷೀನಿನಲ್ಲಿ ಅದಕ್ಕಿಂತ ಅಗ್ಗದ ಸಾಮಾನಿಲ್ಲ, ಅದರಷ್ಟು ಕಾಡುವುದೂ ಇಲ್ಲ. ನಡುಗಿ ನಡುಗಿ ಸವೆಯುತ್ತದೆ, ಬಿಸಿಗೆ ಬಿರಿಯುತ್ತದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸಲು ಶುರು ಮಾಡಿದ ಮೇಲಂತೂ ಹಳೆಯ ರಬ್ಬರು ಬೆಲ್ಲದ ಪಾಕದಂತೆ ಕೈಗೆ ಅಂಟತೊಡಗಿತು. ಬೇಸಿಗೆಯಲ್ಲಿ, ಮರ ಕಡಿಯುವ ಹಂಗಾಮಿನಲ್ಲಿ, ದಿನಕ್ಕೆ ನಾಲ್ಕು ಮಷೀನು ಇದೇ ರೋಗಕ್ಕೆ ಬರುತ್ತಿದ್ದವು. ಹುಬ್ಬಳ್ಳಿಯ ಅಂಗಡಿಯವನು "ಮಾಲ್ ಬಂದಿಲ್ರಿ, ಮುಂದಿನ ವಾರ ಬರ್ರಿ" ಎನ್ನುತ್ತಿದ್ದ.

ಆಗ ನನಗೆ ಬುದ್ಧಿ ಹೊಳೆಯಿತು. ಬುದ್ಧಿ ಎಂದೇ ಅಂದುಕೊಂಡಿದ್ದೆ. ನಮ್ಮ ಕಡೆ ಆಸ್ಪತ್ರೆಯಿಂದ ಮನೆಗೆ ಬರುವಾಗ ಸಲೈನ್ ಹಚ್ಚಿದ ಪೈಪನ್ನು ಯಾರೂ ಬಿಸಾಡಿ ಬರುವುದಿಲ್ಲ. ಗೌಂಡಿ ಅದರಲ್ಲಿ ನೀರು ತುಂಬಿ ಗೋಡೆಯ ಮಟ್ಟ ನೋಡುತ್ತಾನೆ, ರೈತ ಡ್ರಮ್ಮಿನಿಂದ ಡೀಸೆಲ್ ಎಳೆಯುತ್ತಾನೆ. ಒಬ್ಬ ಗಿರಾಕಿ ಹಾಗೆ ಮನೆಯಲ್ಲಿ ಉಳಿದಿದ್ದ ಪೈಪನ್ನು ತಂದು, "ಮನಷ್ಯಾನ ನರದಾಗ ಹೋಗೂವಂಥಾದ್ದು, ಮಷೀನಿಗೆ ಆಗೂದಿಲ್ಲೇನ್ರಿ?" ಎಂದ. ಮಾತು ಸರಿ ಎನಿಸಿತು. ಹಾಕಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಶುರುವಾಯಿತು. ಮೇಲಾಗಿ ಪೈಪಿನೊಳಗೆ ಪೆಟ್ರೋಲ್ ಓಡುವುದು ಕಣ್ಣಿಗೆ ಕಾಣುತ್ತಿತ್ತು. ಅಂದಿನಿಂದ ಔಷಧಿ ಅಂಗಡಿಯಿಂದ ಹೊಸ ಪೈಪಿನ ಕಟ್ಟು ತಂದಿಟ್ಟುಕೊಂಡೆ. ಬಂದವರಿಗೆಲ್ಲ ಹಾಕಿದೆ. ಮಾವನ ಮಷೀನಿಗೂ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿಯಿತ್ತು.

ಸುಟ್ಟದ್ದು ಹಿರೇಕೆರೂರಿನ ಕಡೆಯ ಒಂದು ಹೊಲದಲ್ಲಿ, ಹುಣಸೆ ಮರ ಕೊಯ್ಯುವಾಗ. ಜೊತೆಗಿದ್ದವರು ಹೇಳಿದ್ದು ಇಷ್ಟು. ಮಾವ ನೆರಳಿಗೆ ಕುಳಿತು ಬೀಡಿ ಸೇದಿದರು. ಆಮೇಲೆ ಎದ್ದು ಪೆಟ್ರೋಲ್ ತುಂಬಿ, ಮಷೀನನ್ನು ತೊಡೆಗೆ ಒತ್ತಿ ಹಿಡಿದು ಹಗ್ಗ ಎಳೆದರು. ಎರಡನೆಯ ಎಳೆತಕ್ಕೆ ಬೆಂಕಿ ಹತ್ತಿತು. ಮಣ್ಣು ತೂರಿ ಆರಿಸಿದರು. ಬೀಡಿ ಸೇದಿದ್ದನ್ನು ಎಲ್ಲರೂ ನೋಡಿದ್ದರು, ಪೈಪನ್ನು ಯಾರೂ ನೋಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬೀಡಿಯದೇ ತಪ್ಪು ಎಂದು ಊರು ತೀರ್ಮಾನಿಸಿತು, ಮಾವನೂ ಹೂಂ ಎಂದರು.

ಮಷೀನು ನನ್ನ ಅಂಗಡಿಗೆ ಬಂತು. ಕವರಿನ ಒಂದು ಬದಿ ಕರಗಿ ಜೋತು ಬಿದ್ದಿತ್ತು. ಬಿಚ್ಚಿದೆ. ಪೈಪಿನ ಮೇಲಿನ ತುದಿ ಉರಿದು ಹೋಗಿತ್ತು. ಟ್ಯಾಂಕಿನಿಂದ ಹೊರಬಂದು ಬಾಗುವ ಕಡೆಯ ತುಂಡು ಮಾತ್ರ ಉಳಿದಿತ್ತು. ಹಾಕಿದಾಗ ಮೆತ್ತಗೆ ನೀರಿನಂತೆ ತಿಳಿಯಾಗಿದ್ದ ಪೈಪು ಈಗ ಹಳದಿಯಾಗಿ ಕಡ್ಡಿಯಂತೆ ಬಿರುಸಾಗಿತ್ತು, ಉದ್ದಕ್ಕೂ ಸೀಳಿತ್ತು. ಕವರಿನೊಳಗೆಲ್ಲ ಎಣ್ಣೆಗೆ ಅಂಟಿದ ಮರದ ಪುಡಿ. ಆ ಸೀಳಿನ ಕೆಳಗೆ ಮಾತ್ರ ಪುಡಿ ತೊಳೆದು ಹೋಗಿ ಬೆರಳಗಲದ ಒಂದು ದಾರಿಯಾಗಿತ್ತು. ಪೆಟ್ರೋಲ್ ಒಂದು ದಿನ ಸೋರಿದ ಗುರುತಲ್ಲ ಅದು, ಎಷ್ಟೋ ದಿನದ್ದು. ಕಾಯ್ದ ಸೈಲೆನ್ಸರಿಗೆ ಅಷ್ಟು ತಾಗಿದರೆ ಬೆಂಕಿ ಹತ್ತಲು ಬೀಡಿಯೇ ಬೇಕೆಂದಿಲ್ಲ.

ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಕೈ ತೊಳೆದು ರೊಟ್ಟಿ ಊಟ ಮಾಡಿದೆ. ಮಧ್ಯಾಹ್ನ ಎರಡು ಪಂಪು ರಿಪೇರಿ ಮಾಡಿ ಕೊಟ್ಟೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ನಮ್ಮದಲ್ಲ ಎನ್ನುವಂತಾಗುತ್ತದಲ್ಲ, ಮೈಯೆಲ್ಲ ಹಾಗಿತ್ತು. ವಾರಕ್ಕೆರಡು ಸಲ ದುಂಡಸಿಗೆ ಹೋಗುತ್ತಿದ್ದೆ. ಬ್ಯಾಂಡೇಜು ಬದಲಿಸುವಾಗ ಮಾವ ಹಲ್ಲು ಕಚ್ಚುವುದನ್ನು ನೋಡುತ್ತಿದ್ದೆ. ಅಕ್ಕ ಅವರನ್ನು ಬೈಯುತ್ತಿದ್ದಳು, "ಬೀಡಿ ಸೇದಿದ್ರಿ, ಈಗ ಉಣ್ರಿ." ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ಜಗಳಕ್ಕೆ ನಿಂತರೆ ಮರದ ಮಾಲೀಕನನ್ನೇ ನಡುಗಿಸುವ ಮನುಷ್ಯ ಅವರು. ಇಂದು ಹೇಳೋಣ ಎಂದು ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ.

ಹೇಳುವ ಬದಲು ಮಾಡಬಹುದಾದದ್ದೊಂದನ್ನು ಮಾಡಿದೆ. ಹುಬ್ಬಳ್ಳಿಗೆ ಹೋಗಿ ಸಿಕ್ಕ ಮೂರು ಬಗೆಯ ಪೈಪು ತಂದೆ. ಒಂದೊಂದನ್ನೂ ಗೇಣುದ್ದ ಕತ್ತರಿಸಿ, ಜೊತೆಗೆ ಸಲೈನ್ ಪೈಪಿನ ಒಂದು ತುಂಡು ಸೇರಿಸಿ, ಬೇರೆ ಬೇರೆ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿಟ್ಟೆ. ಎಂಟು ದಿನ ಬಿಟ್ಟು ತೆಗೆದೆ. ಒಂದು ಉಬ್ಬಿ ಉದ್ದವಾಗಿತ್ತು. ಒಂದು ಕಪ್ಪು ಬಣ್ಣ ಬಿಟ್ಟು ಪೆಟ್ರೋಲನ್ನೇ ಶಾಯಿ ಮಾಡಿತ್ತು. ದಪ್ಪ ಗೋಡೆಯ ಇನ್ನೊಂದು ಮಾತ್ರ ಹಾಕಿದಾಗ ಎಷ್ಟು ಉದ್ದವಿತ್ತೋ ಅಷ್ಟೇ ಇತ್ತು, ಮಡಿಚಿ ಬಿಟ್ಟರೆ ಮತ್ತೆ ನೆಟ್ಟಗಾಯಿತು. ಸಲೈನ್ ಪೈಪು ಬಿಸಿಲಿಗೆ ಒಣಗಿದ ಕೂಡಲೇ ಬಿರುಸಾಯಿತು, ಬಗ್ಗಿಸಿದರೆ ಚಟ್ ಎಂದು ಮುರಿಯಿತು.

ಪೈಪು ಒಳ್ಳೆಯದಿದ್ದರೆ ಸಾಲದು, ಅಳತೆಯೂ ಕೂಡಬೇಕು. ಒಳತೂತು ಒಂದು ಕೂದಲು ದೊಡ್ಡದಾದರೂ ಗಾಳಿ ಎಳೆದು ಎಂಜಿನ್ ಕಾಯ್ದು ಬಿಗಿದು ನಿಲ್ಲುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿ, ಚೂರು ಎಣ್ಣೆ ಸವರಿ, ಟ್ಯಾಂಕಿನ ತೂತಿನಿಂದ ಕೈಯಿಂದಲೇ ಎಳೆಯಬೇಕು. ಇಕ್ಕಳ ಹಾಕಿದರೆ ಅದರ ಹಲ್ಲು ಬಿದ್ದಲ್ಲೇ ನಾಳೆ ಸೀಳುತ್ತದೆ. ಇದನ್ನೆಲ್ಲ ಕಲಿಯಲು ಬೇಕಾದದ್ದು ನಾಲ್ಕು ಬಾಟಲಿ ಮತ್ತು ಎಂಟು ದಿನ. ಮಾವನ ತೊಡೆ ಸುಡುವ ಮೊದಲೇ ಮಾಡಬಹುದಿತ್ತು.

ಒಂದು ತಿಂಗಳಾಗಿರಬೇಕು. ಹತ್ತಿಮತ್ತೂರಿನ ಒಬ್ಬ ಗಿರಾಕಿ ಚೈನಿನ ಹಲ್ಲಿಗೆ ಸಾಣೆ ಹಿಡಿಸಲು ಮಷೀನು ತಂದ. ಬಂದವನೇ ನನ್ನನ್ನು ಹೊಗಳಿದ.

"ನಿಮ್ಮ ಸಲೈನ್ ಪೈಪ್ ಭಾರಿ ಆತ್ರಿ. ನಮ್ಮೂರಾಗ ಇನ್ನೂ ಎರಡು ಮಷೀನಿಗೆ ನಾನ ಹಾಕಿ ಕೊಟ್ಟೇನಿ."

ಅವನ ಮಷೀನಿನ ಕವರು ತೆಗೆದು ನೋಡಿದೆ. ಪೈಪು ಹಳದಿಯಾಗಿತ್ತು, ಇನ್ನೂ ಸೀಳಿರಲಿಲ್ಲ. ಏನೂ ಹೇಳದೆ ಅದನ್ನು ಕಿತ್ತು ಹೊಸದು ಹಾಕಿದೆ. "ಚಲೋ ಇತ್ತಲ್ರಿ, ಯಾಕ ತಗದ್ರಿ?" ಎಂದು ಅವನು ಮುಖ ಗಂಟಿಕ್ಕಿದ. ಅವನು ಹೋದ ಮೇಲೆ ಅಂಗಡಿಯ ಬಾಗಿಲೆಳೆದು ಗಾಡಿ ಹತ್ತಿದೆ. ಇನ್ನೊಬ್ಬನ ತೊಡೆ ಸುಡುವವರೆಗೂ ನಾನು ಹೀಗೇ ಚಹಾ ಕುಡಿಯುತ್ತ ಕೂಡುವವನು ಎಂಬುದು ಗೊತ್ತಾಗಿತ್ತು. ಹೆದರಿಕೆಯಾದದ್ದು ಅದಕ್ಕೆ.

ದುಂಡಸಿಯಲ್ಲಿ ಮಾವ ಗೋಡೆಗೆ ಆನಿಕೊಂಡು ಕುಳಿತಿದ್ದರು. ಅಕ್ಕ ಕಾಳು ಹಸನು ಮಾಡುತ್ತಿದ್ದಳು. ಜೇಬಿನಿಂದ ತುಂಡು ತೆಗೆದು ಅವರ ಮುಂದೆ ನೆಲದ ಮೇಲಿಟ್ಟೆ.

"ಬೀಡಿಯಿಂದ ಅಲ್ರಿ ಮಾವ. ನಾ ಹಾಕಿದ ಪೈಪ್ ಸೀಳಿತ್ತು. ಮಷೀನ್ ಬಿಚ್ಚಿದ ದಿನಾನ ನನಗ ಗೊತ್ತಾತು."

ಅಕ್ಕನ ಕೈಯಲ್ಲಿನ ಮೊರ ನಿಂತಿತು. "ತಿಂಗಳ ದಿನ ನಾ ಇವರ್ನ ಬೈದೇನಿ. ನೀ ಇಲ್ಲೇ ಕುಂತು ಕೇಳಿದಿ" ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳು ನನಗೆ ಎರಡು ಏಟು ಹಾಕಿದ್ದರೆ ಒಳ್ಳೆಯದಿತ್ತು.

ಮಾವ ಎಡಗೈಯಲ್ಲಿ ತುಂಡು ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. "ಎಷ್ಟ ಮಷೀನಿಗೆ ಹಾಕೀ ಇದನ್ನ?"

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

"ನನಗ ಗೊತ್ತೈತಿ. ನಿನ್ನ ಅಂಗಡಿಗೆ ಹೋಗ್ರಿ ಅಂತ ಅವರ್ನೆಲ್ಲಾ ಕಳಿಸಿದಾಂವ ನಾನ ಅಲ್ಲೇನು? ನಾಳೆ ಮುಂಜಾನೆ ಗಾಡಿ ತಗೊಂಡ ಬಾ."

ಮರುದಿನದಿಂದ ಮೂರು ದಿನ ತಿರುಗಿದೆವು. ಬೈಕಿನ ಹಿಂದಿನ ಸೀಟಿನಲ್ಲಿ ಮಾವ ಸುಟ್ಟ ಕಾಲು ಮಡಚಲಾರದೆ ಹೊರಗೆ ಚಾಚಿಕೊಂಡು ಕುಳಿತಿರುತ್ತಿದ್ದರು. ಹತ್ತಿಮತ್ತೂರು, ಸವಣೂರು, ಹಾನಗಲ್ಲಿನ ಆಚೆಯ ತೋಟಗಳು. ಹೋದಲ್ಲೆಲ್ಲ ಒಂದೇ ಉತ್ತರ, "ನಡೀತೈತಲ್ರಿ, ಇರ್ಲಿ." ನಡೆಯುವ ಮಷೀನನ್ನು ಬಿಚ್ಚಿಸಲು ನಮ್ಮ ಜನ ಒಪ್ಪುವುದಿಲ್ಲ. ಆಗ ಮಾವ ಲುಂಗಿ ಮೇಲೆತ್ತಿ ತೊಡೆ ತೋರಿಸುತ್ತಿದ್ದರು. ಚರ್ಮ ಇನ್ನೂ ಕೆಂಪಗೆ ಸುಕ್ಕುಗಟ್ಟಿತ್ತು. ನೋಡಿದವರು ಸುಮ್ಮನೆ ಮಷೀನು ತಂದು ಕೊಡುತ್ತಿದ್ದರು.

ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. "ನಿಮ್ಮ ಮಷೀನಿಗೆ ಈ ಪೈಪ್ ಹಾಕಿದವರು ಯಾರ್ರಿ?" ಮೊದಲ ಸಲ ಕೇಳಿದಾಗ ಮಾವ ಉತ್ತರಿಸುತ್ತಾರೆ ಎಂದುಕೊಂಡೆ. ಅವರು ಆಚೆ ಬೇವಿನ ಮರ ನೋಡುತ್ತ ನಿಂತರು. "ನಾನ್ರಿ" ಎಂದೆ. ಎರಡನೆಯ ಊರಿನಲ್ಲೂ ಹಾಗೇ. ನನ್ನ ಪರವಾಗಿ ಸುಳ್ಳು ಹೇಳಲಿಲ್ಲ, ನನ್ನನ್ನು ತೋರಿಸಲೂ ಇಲ್ಲ. ಪ್ರತಿ ಸಲವೂ ನಾನೇ ಹೇಳಬೇಕಾಯಿತು. ಹೇಳುವಾಗ ನಾಲಿಗೆಯೊಂದೇ ಆಡುತ್ತಿತ್ತು, ಒಳಗೆ ಏನೂ ಅಲುಗುತ್ತಿರಲಿಲ್ಲ.

ಕೊನೆಯದು ತಡಸ. ಅಲ್ಲಿ ಮರ ಕೊಯ್ಯುವವನು ಮಷೀನು ತಂದು ನನ್ನ ಕೈಗೆ ಕೊಡುವುದರಲ್ಲಿದ್ದ. "ನಾನ್ರಿ ಹಾಕಿದ್ದು" ಎಂದ ಮಾತು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯ ಕಿವಿಗೆ ಬಿತ್ತು. ಬಂದು ಮಷೀನಿಗೆ ಕೈ ಹಾಕಿ ಹಿಂದಕ್ಕೆ ಎಳೆದಳು.

"ಇವರ ಕೈಯಾಗ ಕೊಡಬ್ಯಾಡ್ರಿ. ಒಮ್ಮೆ ಹಾಕಿದ್ದು ಸಾಕು."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಹೊಸ ಪೈಪನ್ನು ಚೀಲಕ್ಕೆ ಹಾಕತೊಡಗಿದೆ.

"ಕೊಡವಾ ತಂಗಿ" ಎಂದರು ಮಾವ. "ನನ್ನ ಮಷೀನೂ ಇವನ ಕಡೇನ ಐತಿ. ಬ್ಯಾರೆದವರಿಗೆ ಕೊಡೂದಿಲ್ಲ. ಅದಕ್ಕೂ ಪೈಪ್ ಹಾಕಾಂವ ಇವನ, ಮುಂದಿನ ತಿಂಗಳ ಅದನ್ನ ಹಿಡಕೊಂಡ ಮರಕ್ಕ ಹೋಗಾಂವ ನಾನು."

ಮೂರು ದಿನದಲ್ಲಿ ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ. ಇನ್ನು ಮೇಲೆ ಅವರು ನನ್ನ ಕೈಗೆ ಒಂದು ಮೊಳೆಯನ್ನೂ ಕೊಡುವುದಿಲ್ಲ ಎಂದೇ ನಾನು ತಿಳಿದಿದ್ದೆ. ದವಡೆಯ ಇಂಜೆಕ್ಷನ್ ಇಳಿದಂತಾಯಿತು, ಒಮ್ಮೆಲೆ ಎಲ್ಲ ನೋಯತೊಡಗಿತು. ಅಷ್ಟು ಜನರ ಮುಂದೆ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅತ್ತುಬಿಟ್ಟೆ. ಆ ಹೆಣ್ಣುಮಗಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಷೀನನ್ನು ತಂದು ನನ್ನ ಮುಂದೆ ಇಟ್ಟಳು.

"ಮೊದ್ಲ ಕಣ್ಣ ಒರಸ್ಕೋರಿ" ಎಂದಳು. "ತೂತು ಕಾಣಬೇಕಲ್ಲ."